ಉಲ್ಲನ್ ಅಲ್ಲ ಅಜ್ಜಿ, ಹತ್ತಿ

ಪಾಪುವಿಗೆ ಕೊಕ್ಕೆ ಕಡ್ಡಿಯಲ್ಲಿ ಹೆಣೀತಿರೋ ಕ್ರೋಶಾ ಫ್ರಾಕ್ ಇವತ್ತು ಎದೆ ತನಕ ಬಂತು. ಪಕ್ಕದ ಮನೆ ಅಜ್ಜಿ ನೋಡಿ, "ಈ ಬಿಸಿಲಾಗ ಕೂಸಿಗೆ ಉಲ್ಲನ್ ಅಂಗಿ ಹಾಕ್ತೀಯೇನವ್ವಾ?" ಅಂದರು. ರಾಯಚೂರು ಬಿಸಿಲು, ಕೇಳೋದು ನ್ಯಾಯವೇ. ಹತ್ತಿ ನೂಲು ಅಜ್ಜಿ ಅಂತ ಉಂಡೆ ಕೈಗೆ ಕೊಟ್ಟೆ. ಬೆರಳಲ್ಲಿ ಉಜ್ಜಿದರು, ಎಳೆ ಬಿಡಿಸಿ ನೋಡಿದರು, ಕೆನ್ನೆಗೆ ಒತ್ತಿಕೊಂಡರು. ಸುಮ್ಮನಾದರು. ಹತ್ತಿ ಬಿಡಿಸಿದ ಕೈಗೆ ಹತ್ತಿ ಗೊತ್ತಾಗದೆ ಇರುತ್ತಾ!

ಇದನ್ನು ಕತ್ತಿನಿಂದ ಕೆಳಕ್ಕೆ ಹೆಣೀತಾ ಬರೋದು. ಮೊದಲು ಕತ್ತಿಗೆ ನೂಲಿನ ಕುಣಿಕೆಗಳ ಒಂದು ಸರಪಳಿ. ಸಣ್ಣ ಮಕ್ಕಳ ತಲೆ ಸುತ್ತಳತೆ ಹೆಚ್ಚುಕಮ್ಮಿ ಎದೆಯಷ್ಟೇ ಇರುತ್ತೆ, ಹಾಗಾಗಿ ಬೆನ್ನಿಗೆ ಗುಂಡಿ ಇಡದಿದ್ದರೆ ಹಾಕುವಾಗ ರಂಪ. ಆಮೇಲೆ ಸುತ್ತು ಸುತ್ತಿಗೂ ಕಣ್ಣು (ಹೆಣಿಗೆಯ ಕುಣಿಕೆ) ಹೆಚ್ಚಿಸ್ತಾ ಹೋಗೋದು, ಅಷ್ಟೇ. ಪಕ್ಕದ ಹೊಲಿಗೆ ಬೇಡ.

ನನಗೆ ಇಷ್ಟ ಆಗೋದು ಕೊನೆಯ ಗಂಟು. ಪಾಪು ಉದ್ದ ಆದರೆ ಅದನ್ನು ಬಿಚ್ಚಿ ಇನ್ನೂ ನಾಲ್ಕು ಸುತ್ತು ಸೇರಿಸಬಹುದು. ಬೆಳೆಯೋ ಕೂಸಿನ ಜೊತೆ ಫ್ರಾಕೂ ಬೆಳೆಯುತ್ತೆ. ಅಂಗಡಿಯಿಂದ ತಂದದ್ದು ಹಾಗೆ ಮಾತು ಕೇಳಲ್ಲ, ಅಲ್ವಾ?

ಗುಲಾಬಿ ನೂಲು ಮುಗೀತಾ ಬಂತು. ಘೇರಿಗೆ ಹಳದಿನಾ, ಬಿಳಿನಾ? ಬಿಳಿ ಅನ್ನೋರು ಒಮ್ಮೆ ಬಂದು ನಮ್ಮ ಎರೆಮಣ್ಣಲ್ಲಿ ಇವಳು ಆಡೋದನ್ನ ನೋಡಿ ಹೋಗಿ.