ನಾಳೆ ಮಳೆ ಬರುತ್ತಾ? ನನ್ನನ್ನು ಕೇಳಬೇಡಿ

"ನಾಳಿ ಮಳಿ ಬರ್ತದೇನ್ರಿ?"

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಧಾರವಾಡದ ಲೈನ್ ಬಜಾರಿನಲ್ಲಿ ಪೇಢೆ ತಗೊಳ್ಳುವಾಗ, ಎಲ್ಲ ಕಡೆ ಇದೇ. ಯಾರೋ ನನ್ನ ಪರಿಚಯ ಮಾಡಿಕೊಡುತ್ತಾರೆ: "ಇವರು ಹವಾಮಾನದ್ದು ಕಂಪ್ಯೂಟರಿನ್ಯಾಗ ಏನೋ ಚಿತ್ರ ಮಾಡ್ತಾರ." 'ಚಿತ್ರ' ಅನ್ನುವ ಮಾತು ಯಾರ ಕಿವಿಗೂ ಬೀಳುವುದಿಲ್ಲ. 'ಹವಾಮಾನ' ಮಾತ್ರ ಬೀಳುತ್ತದೆ. ಒಬ್ಬರಂತೂ ಮಾಳಿಗೆ ಮೇಲೆ ಹಪ್ಪಳ ಒಣಹಾಕುವುದಿದೆ ಅಂತ ಬೆಳಗ್ಗೆ ಆರಕ್ಕೆ ಫೋನ್ ಮಾಡಿದ್ದರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ: ನಾಳೆಯದು ನನ್ನ ಕೆಲಸ ಅಲ್ಲ. ರೈತರಿಗೆ ಅಂತಲೇ ವರುಣ ಮಿತ್ರ ಸಹಾಯವಾಣಿ ಇದೆ. ಅಲ್ಲಿ ಹಗಲು ರಾತ್ರಿ ಫೋನ್ ಎತ್ತುತ್ತಾರೆ. ನಾನು ಎತ್ತುವುದಿಲ್ಲ.

ನಾನು ಮಾಡುವುದು ಇಷ್ಟು. ಓಪನ್-ಮೀಟಿಯೋ ಅಂತ ಒಂದು ಸೇವೆ ಇದೆ. ಅಕ್ಷಾಂಶ, ರೇಖಾಂಶ ಕೊಟ್ಟರೆ ಆ ಜಾಗದ ಬಿಸಿ, ಗಾಳಿ, ಮಳೆ ಎಲ್ಲ ಅಂಕಿಗಳಾಗಿ ಬರುತ್ತವೆ. ಧಾರವಾಡಕ್ಕೆ 15.46, 75.01. ವ್ಯಾಪಾರಕ್ಕೆ ಬಳಸದಿದ್ದರೆ ಪುಕ್ಕಟೆ. ಆ ಅಂಕಿಗಳನ್ನು ಗೋಡೆ ಮೇಲೆ ಓಡಾಡುವ ಚಿತ್ರ ಮಾಡುತ್ತೇನೆ. 2012ರಲ್ಲಿ ಅಂಕಿಗಳಿಂದ ಚಿತ್ರ ಮಾಡುವ ಕಲಾವಿದರಾದ ಫರ್ನಾಂಡಾ ವಿಯೇಗಸ್ ಮತ್ತು ಮಾರ್ಟಿನ್ ವಾಟೆನ್‌ಬರ್ಗ್ ಅಮೆರಿಕದ ಗಾಳಿಯನ್ನು ನಕಾಶೆ ಮೇಲೆ ಬಿಳಿ ಎಳೆಗಳಾಗಿ ಹರಿಯಬಿಟ್ಟಿದ್ದರು. ಈ ಹುಚ್ಚು ಹತ್ತಿದ್ದು ಅದನ್ನು ನೋಡಿ. ಆದರೆ ನಮ್ಮ ಗಾಳಿಗೆ ಬರೀ ಎಳೆ ಯಾಕೆ ಅನ್ನಿಸಿತು. ಅವ್ವನ ಚಂದ್ರಕಾಳಿ ಸೀರೆ ಇದೆ, ಕಪ್ಪು ಬಟ್ಟೆ, ಮೇಲೆ ಕಸೂತಿ. ನನ್ನ ಪರದೆಯೂ ಕಪ್ಪು. ಗಾಳಿ ಮುರಗಿ ಹೊಲಿಗೆಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಜೋರಾದರೆ ಮೆಟ್ಟಿಲು ಉದ್ದವಾಗುತ್ತದೆ. ಮಳೆ ಬಂದರೆ ಮೆಂತೆ ಹೊಲಿಗೆಯ ಸಣ್ಣ ಸಣ್ಣ ಕತ್ತರಿ ಗುರುತುಗಳು ಉದುರುತ್ತವೆ. ಅವ್ವ ನೋಡಿ, "ಎಲ್ಲೂ ಗಂಟು ಕಾಣೂದಿಲ್ಲ, ಚಲೋ ಆಗೇತಿ" ಅಂದಳು. ಕೋಡ್‌ನಲ್ಲಿ ಎಷ್ಟು ಗಂಟುಗಳಿವೆ ಅಂತ ನಾನು ಹೇಳಲಿಲ್ಲ.

ಒಮ್ಮೆ ಧಾರವಾಡದ ಒಂದು ಪ್ರದರ್ಶನದಲ್ಲಿ ಇದನ್ನು ಹಾಕಿದ್ದೆ. ಜೂನ್ ಎರಡನೇ ವಾರ. ಅಣ್ಣಿಗೇರಿ ಕಡೆಯ ಅಜ್ಜಾರೊಬ್ಬರು ಮೊಮ್ಮಗಳ ಜೊತೆ ಬಂದರು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತರು. ಹತ್ತು ನಿಮಿಷ ಮಾತಿಲ್ಲ. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಅಂತ ನಾನು ಹಲ್ಲು ಕಚ್ಚಿ ನಿಂತಿದ್ದೆ.

"ತಮ್ಮಾ, ಇದರಾಗ ಮೂಡಣ ಯಾವ ಕಡೆ?"

"ಬಲಕ್ಕರಿ ಅಜ್ಜಾರ."

"ಹಂಗಾರ ಇದು ಹೊಳ್ಳಿ ಹೊಂಟೈತಲ್ಲೋ. ಮಿರಗ ಮಳಿ ಕೂಡಿ ನಾಕು ದಿನಾ ಆತು. ಗಾಳಿ ಮಲ್ಲಾಡದಿಂದ ಬೆಳವಲಕ್ಕ ಬರಬೇಕು. ನಿಂದು ಗದಗಿನಿಂದ ಗೋವಾಕ್ಕ ಹೊಂಟೈತಿ."

ಲ್ಯಾಪ್‌ಟಾಪ್ ತೆಗೆದು ನೋಡಿದೆ. ಗಾಳಿಯ ದಿಕ್ಕು 250 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಪಶ್ಚಿಮ. ಹವಾಮಾನದವರ ಲೆಕ್ಕದಲ್ಲಿ ದಿಕ್ಕು ಅಂದರೆ ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದು. ನಾನು ಎಲ್ಲಿಗೆ ಹೋಗುತ್ತದೆ ಅಂತ ಹಿಡಿದಿದ್ದೆ. ಅಂದರೆ ಮೂರು ದಿನದಿಂದ ಇಡೀ ಮುಂಗಾರನ್ನು ಅರಬ್ಬಿ ಸಮುದ್ರಕ್ಕೆ ವಾಪಸ್ ಕಳಿಸುತ್ತಿದ್ದೆ! ಅಷ್ಟೂ ದಿನ ಕಲಿತವರು, ಕಲಿಸುವವರು ಎಲ್ಲ ಬಂದು ನೋಡಿ, "ನೈಸ್" ಅಂದು, ಮಳೆ ಬರುತ್ತಾ ಅಂತ ಕೇಳಿ ಹೋಗಿದ್ದರು.

180 ಕೂಡಿಸಿದೆ. ಹೊಲಿಗೆಗಳೆಲ್ಲ ತಿರುಗಿ ಬೆಳವಲದ ಕಡೆ ಹೊರಟವು. "ಹಾಂ, ಈಗ ಖರೆ" ಅಂದು ಅಜ್ಜಾರು ಟೊಪ್ಪಿಗೆ ಹಾಕಿಕೊಂಡರು. ಅವರನ್ನು ಬಾಗಿಲವರೆಗೆ ಕಳಿಸಲು ಹೋದವನು ತಡೆಯಲಾರದೆ ನಾನೇ ಕೇಳಿಬಿಟ್ಟೆ: "ಅಜ್ಜಾರ, ನಾಳಿ ಮಳಿ ಬರ್ತದೇನ್ರಿ?"

"ಅಷ್ಟು ಗೊತ್ತಿದ್ರ ನಾ ಯಾಕ ಒಕ್ಕಲತನಾ ಮಾಡ್ತಿದ್ದೆ?" ಅಂದರು.

ಅವತ್ತಿಂದ ನನಗೊಂದು ಆಸೆ. ಯಾರಾದರೂ, ಒಬ್ಬರಾದರೂ, "ಇದರಾಗ ಖರೆ ಎಷ್ಟು, ನಿಂದೆಷ್ಟು?" ಅಂತ ಕೇಳಬೇಕು. ಲೆಕ್ಕ ಇಟ್ಟುಕೊಂಡೇ ಕೂತಿದ್ದೇನೆ. ಅಂಕಿ ಹದಿನೈದು ನಿಮಿಷಕ್ಕೊಮ್ಮೆ ಸಿಗುತ್ತದೆ ನಿಜ. ಆದರೆ ನಮ್ಮ ಭಾಗಕ್ಕೆ ಅದು ಗಂಟೆಗೊಂದು ಲೆಕ್ಕವನ್ನೇ ಹಂಚಿ ನಡುವೆ ತುಂಬಿದ್ದು. ನನ್ನ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತದೆ. ಗಂಟೆಗೆ 2,16,000. ಅದರಲ್ಲಿ ಹವಾಮಾನದ್ದು ಒಂದು. ಉಳಿದ 2,15,999 ನಾನು ಹೊಲಿದಿದ್ದು.

ಆ ಒಂದಾದರೂ ಧಾರವಾಡದ ಬಯಲಲ್ಲಿ ನಿಂತ ಯಂತ್ರ ಅಳೆದದ್ದಾ? ಅದೂ ಅಲ್ಲ. ಭೂಮಿಯನ್ನು ಚೌಕ ಚೌಕ ಮಾಡಿ ದೊಡ್ಡ ಕಂಪ್ಯೂಟರುಗಳು ಹಾಕಿದ ಲೆಕ್ಕ. ಒಂದೊಂದು ಚೌಕ ಹಲವು ಕಿಲೋಮೀಟರ್ ಅಗಲ. ನಮ್ಮದೋ, ನವನಗರದಲ್ಲಿ ಧೋ ಅಂತ ಸುರಿದು ವಿದ್ಯಾನಗರದಲ್ಲಿ ಧೂಳು ಹಾರುವ ಊರು.

ಇನ್ನು ನಡುವೆ ತುಂಬುವುದು ಸುಮ್ನೆ ಕೆಲಸ ಅಲ್ಲ. ಗಾಳಿ 350 ಡಿಗ್ರಿಯಿಂದ 10ಕ್ಕೆ ಬಂತು ಅನ್ನಿ. ಹೊರಳಿದ್ದು ಇಪ್ಪತ್ತೇ ಡಿಗ್ರಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 180 ಬರುತ್ತದೆ. ಉತ್ತರದ ಗಾಳಿ ಅರ್ಧ ಗಂಟೆ ದಕ್ಷಿಣದಿಂದ ಬೀಸಿದ ಹಾಗಾಯಿತು! ಅದಕ್ಕೇ ಗಾಳಿಯನ್ನು ಎರಡು ಪಾಲು ಮಾಡಬೇಕು, ಪೂರ್ವ-ಪಶ್ಚಿಮದ್ದು ಒಂದು, ಉತ್ತರ-ದಕ್ಷಿಣದ್ದು ಒಂದು. ಎರಡನ್ನೂ ಬೇರೆ ಬೇರೆ ಸರಿಸಿ ಆಮೇಲೆ ಕೂಡಿಸಬೇಕು. ಇದು ಹೊಳೆಯುವುದಕ್ಕೆ ನನಗೆ ಒಂದು ವಾರ ಹಿಡಿಯಿತು. ಇದನ್ನು ಕೇಳಿ ನೋಡಿ, ಬೆಳಗ್ಗೆ ಆರಕ್ಕೂ ಫೋನ್ ಎತ್ತುತ್ತೇನೆ.

ಯಾರೂ ಕೇಳುವುದಿಲ್ಲ. ಅದೇ ಪ್ರದರ್ಶನದ ಕೊನೆಯ ದಿನ ಸಂಜೆ ನೆಟ್ ಹೋಯಿತು. ಮೂರು ತಾಸು ಗೋಡೆ ಮೇಲೆ ಒಂದೇ ಗಾಳಿ, ಒಂದೇ ವೇಗ, ಒಂದು ಹನಿ ಮಳೆ ಇಲ್ಲ. ಹೊರಗೆ ಜಡಿಮಳೆ. ಅಜ್ಜಾರು ಇದ್ದಿದ್ದರೆ ಕೂತ ಕುರ್ಚಿಯಿಂದಲೇ ಹಿಡಿದುಬಿಡುತ್ತಿದ್ದರು. ಅವತ್ತು ಬಂದವರೊಬ್ಬರು ನೀರು ಸೋರುವ ಕೊಡೆಯನ್ನು ಮೂಲೆಗಿಟ್ಟು, ಕನ್ನಡಕ ಒರೆಸಿಕೊಂಡು, ಒಣ ಗೋಡೆಯನ್ನು ಎರಡು ನಿಮಿಷ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಭಾಳ ಚಂದ ಐತ್ರಿ. ಅಂದಂಗ, ನಾಳಿ ಮಳಿ ಬರ್ತದೇನ್ರಿ?"