ಇಳಿಯುವ ಲೆಕ್ಕ ಹಾಕಿರಲಿಲ್ಲ

ಯಾದಗಿರಿ ಜಿಲ್ಲೆಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ನಾನು ಪೀಟಿ ಮಾಸ್ತರ. ವರ್ಷಕ್ಕೊಮ್ಮೆ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಶಹಾಪುರದ ಕಡೆಯ ಗುಡ್ಡ ಹತ್ತಿಸಿ ತರುವುದು ನನ್ನ ಪಾಲಿನ ಕೆಲಸ. ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದಲ್ಲ, ಅದೇ ಸೀಮೆಯ ಕಲ್ಲುಗುಡ್ಡ.

ಮೊದಲ ವರ್ಷ ಫೆಬ್ರುವರಿ ಕೊನೆಯ ವಾರ. 42 ಮಕ್ಕಳು, ಮೂವರು ಮಾಸ್ತರರು. ಹೋಗಿಬರುವ ದಾರಿ ಸೇರಿ 5 ಕಿ.ಮೀ., ಏರು ಸುಮಾರು 150 ಮೀಟರ್. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲಿ ಹೇಳಿದ ಹಳೆಯ ಲೆಕ್ಕ ನನಗೆ ಗೊತ್ತಿತ್ತು: 5 ಕಿ.ಮೀ. ನಡಿಗೆಗೆ ಒಂದು ತಾಸು, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಅದರಂತೆ ನಮ್ಮದು ಒಂದೂಕಾಲು ತಾಸಿನ ಕೆಲಸ. ಕೂಡುವುದು, ಏಳುವುದು ಸೇರಿಸಿ ಎರಡು ತಾಸು ಎಂದು ಬರೆದುಕೊಂಡೆ. ಬಸ್ಸು ತಡವಾಗಿ ಒಂಬತ್ತೂವರೆಗೆ ಹತ್ತಲು ಶುರು ಮಾಡಿದರೂ ಚಿಂತೆ ಅನ್ನಿಸಲಿಲ್ಲ.

ಆ ಲೆಕ್ಕ ಒಳ್ಳೆಯ ದಾರಿಯಲ್ಲಿ, ನಿಲ್ಲದೆ ನಡೆಯುವ ಗಟ್ಟಿ ಆಳಿಗೆ. ನಮ್ಮ ದಾರಿಯಲ್ಲಿ ಎರಡು ಗುಂಡುಗಳ ನಡುವೆ ಒಂದು ಸಂದಿ ಇದೆ, ಒಬ್ಬರೇ ಹಾಯಬೇಕು. ಹತ್ತುವಾಗ ಕೈ ಎಲ್ಲಿ ಇಡಬೇಕೆಂದು ಕಣ್ಣಿಗೆ ಕಾಣುತ್ತದೆ, ಮಕ್ಕಳು ಮಂಗಗಳಂತೆ ಸರಸರ ಏರಿದರು. ಇಳಿಯುವಾಗ ಕಾಲಿಗೆ ಆಸರೆ ಕಾಣುವುದಿಲ್ಲ. ಒಬ್ಬೊಬ್ಬರಿಗೆ ಒಂದು ನಿಮಿಷ ಎಂದರೂ ಕೊನೆಯ ಮಗು 42 ನಿಮಿಷ ಬಿಸಿಲಲ್ಲಿ ನಿಲ್ಲಬೇಕು. ಅದೂ ನಡು ಮಧ್ಯಾಹ್ನ, ಕಾದ ಕಲ್ಲಿನ ಮೇಲೆ. ಹತ್ತಲು ಒಂದು ತಾಸು ನಲವತ್ತು ನಿಮಿಷ ಹಿಡಿದಿತ್ತು. ಇಳಿಯಲು ಎರಡು ತಾಸು ಇಪ್ಪತ್ತು ನಿಮಿಷ.

ಸಾಲಿನ ಕೊನೆಯಲ್ಲಿದ್ದ ಹುಡುಗಿ "ಸರ, ತಲಿ ಭಾಳ ನೋಯಾಕತ್ತದ್ರಿ" ಎಂದು ಕೂತವಳು ವಾಂತಿ ಮಾಡಿಕೊಂಡಳು. ಅವಳ ಬಾಟಲಿ ಖಾಲಿಯಾಗಿ ಯಾವ ಕಾಲವಾಗಿತ್ತೋ, ಕೇಳಲು ಸಂಕೋಚಪಟ್ಟಿದ್ದಳು. ಗುಂಡಿನ ನೆರಳಿಗೆ ಕರೆದೊಯ್ದು, ಬೂಟು ಬಿಚ್ಚಿಸಿ, ಒದ್ದೆ ಟವೆಲ್ ಕುತ್ತಿಗೆಗೆ ಹಾಕಿ, ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪಾಕೀಟು ಕಲಸಿ ಗುಟುಕು ಗುಟುಕಾಗಿ ಕುಡಿಸಿದೆವು. ಅರ್ಧ ತಾಸಿನಲ್ಲಿ ಚೇತರಿಸಿಕೊಂಡಳು. ಮಾತು ತೊದಲಿದ್ದರೆ, ಎಚ್ಚರ ತಪ್ಪಿದ್ದರೆ 108ಕ್ಕೆ ಫೋನ್ ಮಾಡಬೇಕಿತ್ತು. ಆದರೆ ಆಂಬುಲೆನ್ಸ್ ಬಂದರೂ ಗುಡ್ಡದ ಬುಡಕ್ಕೇ ಬರುವುದು. ಆ ಮಾತು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಅಂದಿನಿಂದ ನಾನು ಲೆಕ್ಕವನ್ನು ತುದಿಯಿಂದ ಕೆಳಗೆ, ಕೊನೆಯ ಮಗುವಿನಿಂದ ಮುಂದಕ್ಕೆ ಹಾಕುತ್ತೇನೆ. ಹನ್ನೊಂದಕ್ಕೆ ಎಲ್ಲರೂ ಬುಡದಲ್ಲಿರಬೇಕು. ಹಾಗಾದರೆ ಒಂಬತ್ತೂವರೆಗೆ ಎಲ್ಲಿದ್ದರೂ ತಿರುಗಬೇಕು. ಹಾಗಾದರೆ ಏಳಕ್ಕೆ ಮೊದಲ ಹೆಜ್ಜೆ. ಜನವರಿಯಲ್ಲಿ ಅಷ್ಟೊತ್ತಿಗೆ ಬೆಳಕಿರುತ್ತದೆ, ಕಲ್ಲೂ ತಣ್ಣಗಿರುತ್ತದೆ. ಫೆಬ್ರುವರಿ ಬೇಡವೇ ಬೇಡ. ಒಂದು ಸಲಕ್ಕೆ 20 ಮಕ್ಕಳು ಮಾತ್ರ. ಎಲ್ಲರಿಗಿಂತ ನಿಧಾನ ನಡೆಯುವವರು ಸಾಲಿನ ಮುಂದೆ, ನಾನು ಹಿಂದೆ. ತಲೆಗೆ ಎರಡು ಲೀಟರ್ ನೀರು. 20 ಮಕ್ಕಳಿಗೆ 40 ಕಿಲೋ ಆಯಿತು, ಯಾರೋ ಒಬ್ಬರು ಹೊರುವ ಮಾತಲ್ಲ. ಬಾಟಲಿ ಅವರವರ ಬೆನ್ನಿಗೇ.

ಕಲ್ಲಿನ ಗುಣವನ್ನೂ ಮೊದಲೇ ಹೇಳಿಕೊಡುತ್ತೇನೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಹಾಸು ಹಾಸಾಗಿ ಏಳುತ್ತದೆ. ಈ ಗುಡ್ಡ ಗ್ರಾನೈಟ್. ಮೇಲ್ಮೈ ಉಳ್ಳಾಗಡ್ಡಿ ಸಿಪ್ಪೆಯಂತೆ ಸುಲಿದು ಉಸುಕಾಗುತ್ತದೆ. ಇಳಿಜಾರು ಬಂಡೆಯ ಮೇಲೆ ಆ ಉಸುಕು ಬಿದ್ದಿದ್ದರೆ ಜೋಳದ ರಾಶಿಯ ಮೇಲೆ ಕಾಲಿಟ್ಟಂತೆ. ಹೆದರಿ ಹಿಂದಕ್ಕೆ ವಾಲಿದವರೇ ಜಾರುವುದು. ಮೊಣಕಾಲು ಸ್ವಲ್ಪ ಬಗ್ಗಿಸಿ ಇಡೀ ಪಾದ ಊರಬೇಕು. ಕರಿ ಪಟ್ಟಿಗಳು ಮಳೆನೀರು ಹರಿದ ಜಾಡು, ಒದ್ದೆಯಾಗಿದ್ದರೆ ಅತ್ತ ಹೋಗಬಾರದು. ಚಪ್ಪಲಿ ನಡೆಯದು, ರಬ್ಬರ್ ಅಡಿಯ ಬೂಟು ಬೇಕು. ಬಂಡೆಯ ಮಾಡಿನಲ್ಲಿ ಹೆಜ್ಜೇನು ಕಟ್ಟಿದ್ದರೆ ಬಾಯಿ ಮುಚ್ಚಿಕೊಂಡು ದೂರದಿಂದಲೇ ಹಾದುಹೋಗಬೇಕು. ಕಲ್ಲು ಎಸೆದವನನ್ನು ಅಲ್ಲಿಂದಲೇ ವಾಪಸ್ ಕರೆದುಕೊಂಡು ಬರುತ್ತೇನೆ, ಇದರಲ್ಲಿ ದಯೆ ಇಲ್ಲ.

ಹೋದ ಸಲ ಒಂಬತ್ತೂವರೆಗೆ ತುದಿ ಕಣ್ಣೆದುರೇ ಇತ್ತು. "ಸರ, ಇಷ್ಟ ಐತ್ರಿ, ಹತ್ತ ನಿಮಿಷ ಕೊಡ್ರಿ" ಎಂದು ಮಕ್ಕಳು ಗೋಗರೆದರು. ಒಬ್ಬ ಹುಡುಗನ ಕಣ್ಣಲ್ಲಿ ನೀರು. ನನಗೂ ಹೊಟ್ಟೆ ಚುರುಕ್ ಅಂದಿತು. ತಿರುಗಿಸಿದೆ. ಹತ್ತು ಮುಕ್ಕಾಲಿಗೆ ಬುಡದ ಬೇವಿನ ಗಿಡದ ಕೆಳಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಕೂತಾಗ 20 ತಲೆ ಎಣಿಸಿದೆ. ಅದೇ ಹುಡುಗ ತನ್ನ ಡಬ್ಬಿ ನನ್ನ ಮುಂದೆ ಸರಿಸಿ, "ಉಣ್ರಿ ಸರ" ಅಂದ.

ಈ ವರ್ಷ ಮಳೆಗೆ ಸಂದಿಯ ಬಳಿ ಒಂದು ಕಲ್ಲು ಸರಿದಿದೆ ಎಂದು ಕುರಿ ಕಾಯುವವರೊಬ್ಬರು ಹೇಳಿದ್ದಾರೆ. ಬರುವ ಭಾನುವಾರ ಮಕ್ಕಳಿಲ್ಲದೆ ನಾನೊಬ್ಬನೇ ಹೋಗಿ ತುಳಿದು ನೋಡಿ ಬರಬೇಕು.