ಊದುವವರಿಲ್ಲದ ಸ್ವರ

ಚರ್ಚಿನೊಳಗೆ ಕಾಲಿಟ್ಟ ಕೂಡಲೇ ತಗ್ಗು ದನಿಯ ಬ್ಯಾರಿಟೋನ್ ಸ್ಯಾಕ್ಸೋಫೋನ್ ನುಡಿಸುವ ನಮ್ಮ ವಾದಕಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಮನಸ್ಸಲ್ಲೇ ಸೆಕೆಂಡು ಎಣಿಸಿದೆ. ಆರಕ್ಕೆ ಬಂದರೂ ಮೇಲೆ ಕಮಾನಿನಲ್ಲೆಲ್ಲೋ ಆ ದನಿ ಇನ್ನೂ ಸುಳಿಯುತ್ತಿತ್ತು. ನನ್ನ ಎದೆ ಧಸಕ್ಕೆಂದಿತು.

ಅದು ಬೆಲ್ಜಿಯಂನ ಸಣ್ಣ ಊರಿನ ಹಳೇ ಕಲ್ಲಿನ ಚರ್ಚು. 1846ರಲ್ಲಿ ಸ್ಯಾಕ್ಸೋಫೋನಿಗೆ ಪೇಟೆಂಟ್ ಪಡೆದ ಅಡಾಲ್ಫ್ ಸ್ಯಾಕ್ಸ್ ಹುಟ್ಟಿದ್ದೂ ಇದೇ ದೇಶದ ದಿನಾಂತ್‌ನಲ್ಲಿ. ಎಂಟು ಸ್ಯಾಕ್ಸೋಫೋನುಗಳಿಗೆ ನಾನು ಬರೆದದ್ದನ್ನು ಮರುದಿನ ಸಂಜೆ ಅಲ್ಲಿ ನುಡಿಸಬೇಕಿತ್ತು. ಎರಡು ತಿಂಗಳು ಅಭ್ಯಾಸ ಮಾಡಿದ್ದು ಕಾರ್ಪೆಟ್ ಹಾಸಿದ ಕೋಣೆಯಲ್ಲಿ. ಅಲ್ಲಿ ಬಿಡಿಬಿಡಿಯಾಗಿ ಕೇಳುತ್ತಿದ್ದ ಸ್ವರಗಳು ಇಲ್ಲಿ ಮೊದಲ ಪುಟಕ್ಕೇ ಕಲಸುಮೇಲೋಗರವಾದವು.

ನಾನು ಉಡುಪಿ ಕಡೆಯವನು. ಕದ್ರಿ ಗೋಪಾಲನಾಥರು ಈ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ನಮ್ಮಲ್ಲಿ ಉತ್ಸವ, ಮದುವೆ ಎಲ್ಲ ಕಡೆ ಸ್ಯಾಕ್ಸೋಫೋನೇ. ಬಯಲಲ್ಲಿ ಊದಿದ ದನಿ ವಾಪಸ್ ಬರುವುದಿಲ್ಲ. ಎಡೆ ಬಿಡದೆ ತುಂಬಿಸುತ್ತಾ ಹೋಗಬೇಕು. ನಾನು ಬರೆದದ್ದೂ ಹಾಗೇ, ಒತ್ತೊತ್ತಾಗಿ. ಕಲ್ಲು ದನಿಯನ್ನು ಹೀರುವುದಿಲ್ಲ, ಅದರಲ್ಲೂ ತಗ್ಗು ಸ್ವರಗಳು ಜಾಸ್ತಿ ಹೊತ್ತು ನಿಲ್ಲುತ್ತವೆ. ಷಡ್ಜದ ಗುಂಗು ಆರುವ ಮೊದಲೇ ಅದರ ಪಕ್ಕದ ಶುದ್ಧ ರಿಷಭ ಬಂದರೆ ಎರಡೂ ಗುದ್ದಾಡುತ್ತವೆ, ಅಲ್ವಾ?

ಆ ರಾತ್ರಿ ರಬ್ಬರ್ ಹಿಡಿದು ಕೂತೆ. ನಿಮಿಷಕ್ಕೆ 96 ಬಡಿತ ಇದ್ದ ಲಯವನ್ನು 60ಕ್ಕೆ ಇಳಿಸಿದೆ. ಬ್ಯಾರಿಟೋನಿನ ಓಡುವ ಸಾಲುಗಳನ್ನು ಅಳಿಸಿ ಉದ್ದನೆಯ ಒಂದೊಂದೇ ಸ್ವರ ಬರೆದೆ. ಸ್ವರವನ್ನು ತೂಗಾಡಿಸುವ ಗಮಕಗಳನ್ನು ತೆಗೆಯುವಾಗ ಸಂಕಟವಾಯಿತು. ಏರುದನಿಯ ಸೊಪ್ರಾನೊ ಸ್ಯಾಕ್ಸೋಫೋನಿಗೆ ಮಾತ್ರ ಒಂದು ಉಳಿಸಿದೆ, ಅದರ ಮುಂಚೆ ಎಲ್ಲರಿಗೂ ಮೌನ. ವಾದಕರನ್ನೂ ಎರಡು ಗುಂಪು ಮಾಡಿದೆ. ವೆನಿಸ್‌ನ ಸಂತ ಮಾರ್ಕನ ಚರ್ಚಿನಲ್ಲಿ 16ನೇ ಶತಮಾನದಲ್ಲೇ ಗಾಯಕರ ಗುಂಪುಗಳನ್ನು ದೂರ ದೂರ ನಿಲ್ಲಿಸಿ ಹಾಡಿಸುತ್ತಿದ್ದರು. ನಾನೂ ನಾಲ್ವರನ್ನು ಬಲಿಪೀಠದ ಬಳಿ, ನಾಲ್ವರನ್ನು ಹಿಂದೆ ಆರ್ಗನ್ ಇರುವ ಅಟ್ಟದಲ್ಲಿ ನಿಲ್ಲಿಸಿದೆ. ನಡುವೆ ಸುಮಾರು 34 ಮೀಟರ್. ದನಿ ಅಷ್ಟು ದೂರ ಹೋಗಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಕಿವಿ ನಂಬಿದರೆ ತಾಳ ತಪ್ಪುತ್ತದೆ, ನನ್ನ ಕೈ ನೋಡಿ ಎಂದು ಬೆಳಿಗ್ಗೆ ಎಲ್ಲರಿಗೂ ಹೇಳಿದೆ.

ಸಂಜೆ ಬೆಂಚುಗಳು ತುಂಬಿದವು. ಚಳಿಗಾಲದ ದಪ್ಪ ಕೋಟುಗಳು ದನಿಯನ್ನು ಹೀರಿ, ಹಿಂದಿನ ದಿನದ ಆರು ಸೆಕೆಂಡು ಐದರ ಹತ್ತಿರ ಬಂದಿತ್ತು. ಹಾಗಾಗಿ ಬರೆದಿಟ್ಟ ಎಣಿಕೆ ಬಿಟ್ಟು, ಕೇಳಿಕೊಂಡೇ ಕೈ ಆಡಿಸಿದೆ.

ಆ ಮೌನ ಬಂತು. ಎಂಟೂ ಜನ ಉಸಿರು ನಿಲ್ಲಿಸಿದರು. ಆದರೆ ಸ ಮತ್ತು ಪ ಹಾಗೇ ನಿಂತಿದ್ದವು, ತಂಬೂರಿಯ ಶ್ರುತಿಯ ಹಾಗೆ, ಊದುವವರು ಯಾರೂ ಇಲ್ಲದೆ. ಅದರೊಳಕ್ಕೆ ಸೊಪ್ರಾನೊ ಒಂದೇ ಮೆಲ್ಲಗೆ ಗಾಂಧಾರ ಹಿಡಿದು ತೂಗಿತು. ಬ್ಯಾರಿಟೋನ್ ವಾದಕಿ ವಾದ್ಯವನ್ನು ತೊಡೆಗೆ ಒರಗಿಸಿಕೊಂಡು, ತಲೆಯೆತ್ತಿ ಕಮಾನನ್ನೇ ನೋಡುತ್ತಿದ್ದರು.